ಹಿಂದೆ ಯಾರೂ ಇಲ್ಲ

ಬ್ಯಾಲರಾಟ್. ಜುಲೈ. ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ.
ಗೇರು, ಜಪ್ಪಯ್ಯ ಅಂದರೂ ‘ಪಿ’ ಬಿಟ್ಟು ಕದಲದು.

ಟ್ರಾಮ್ ರಿಪೇರಿಯಲ್ಲಿ ಕೈ ಸವೆಸಿದ ನೆರೆಮನೆಯ ಲೊರೇನ್
ನೈಟಿ ಮೇಲೆ ಕೋಟು ಸುತ್ತಿ ಹಿಂದೆ ಬಂದು ನಿಂತಳು.
“ತುಳಿ ಬ್ರೇಕು.”
ತುಳಿದೆ.
“ಕೆಂಪು ದೀಪವೇ ಇಲ್ಲ. ಸ್ವಿಚ್ಚು ಹೋಗಿದೆ ಕಣೇ,
ನಿನ್ನ ಕಾಲು ಹೇಳಿದ್ದು ಗೇರಿಗೆ ಕೇಳಿಸಿಲ್ಲ.”

ಬದಿಯ ಪುಟ್ಟ ಮುಚ್ಚಳ ಎಬ್ಬಿಸಿ
ಚಮಚದ ಹಿಡಿಯಿಂದ ಅದುಮಿದಳು. ‘ಆರ್’.
ಎರಡಡಿ ಸರಿದು
ಕಾರು ತಾನೇ ಧಡ್ಡನೆ ನಿಂತಿತು;
ಡಬ್ಬಿಯ ಸಾರು ಸೀಟಿನಿಂದ ಕೆಳಗೆ.
ಯಾರಿದ್ದಾರೆ ಹಿಂದೆ?
ಬರೀ ಅವಳ ಚಪ್ಪಲಿಯ ಗುರುತು, ಬಿಳಿ ಹುಲ್ಲಿನಲ್ಲಿ.

ಬಂಪರಿನ ಸೆನ್ಸರನ್ನು, ಮಗುವಿನ ಮೂಗೊರೆಸಿದ ಹಾಗೆ,
ತೋಳಿನಿಂದ ಒರೆಸಿದಳು. ಉದುರಿತು ಮಂಜು.
“ಗ್ಯಾರೇಜಿನವರೆಗೆ ನಿಧಾನ. ನಿನಗೆ ದೀಪವಿಲ್ಲ,
ಹಿಂದೆ ನಾನಿರ್ತೀನಿ.”