ರಂಜಕ

ಪಡದೇದಾಗ ನನ್ನ ಕರಳು ಕಂಡಿತು,
ಆಗಷ್ಟ ತೊಯ್ಸಿದ ರೇಷ್ಮಿಹಂಗ ಗುಲಾಬಿ.
ಅದರ ತುಂಬ ಗುಳ್ಳಿ. ಗುಳ್ಳಿ ಬಾಜೂಕ ಗುಳ್ಳಿ.
"ನೂರರ ಮುಂದ ಎಣಿಸೂದ ಬಿಟ್ಟೆ," ಅಂದ್ರು ಡಾಕ್ಟರ್.
ಎಣಿಸೂದ ಬಿಟ್ರ ನಮ್ಮ ಇಳಕಲ್ಲಾಗ ಸೀರೀನ ಆಗಂಗಿಲ್ರಿ, ಸರ್—
ಅನಬೇಕಂದೆ. ಮಂಪರಿನ್ಯಾಗ ನಾಲಿಗಿ ಹೊರಳಲಿಲ್ಲ.

ಆಮ್ಯಾಲ ಹಾಳಿ ಮ್ಯಾಲ ಒಂದು ಗಿಡ ಬರದ್ರು,
ಬೇರು ಮ್ಯಾಲ, ಟೊಂಗಿ ತೆಳಗ.
ಅಪ್ಪ ಅಂದ್ರ ಒಂದು ಚೌಕ, ಕರ್ರಗ ತುಂಬಿದ್ರು.
ಅಂಬವ್ವ ಅತ್ತಿ ದುಂಡ, ಅದೂ ಕರ್ರಗ.
ನನ್ನ ದುಂಡಕ್ಕ ಪೆನ್ನು ಒಂದು ಗಳಿಗಿ ನಿಂತು
ತುಂಬಿತು.
ತೆಳಗ ದಾನೇಶ್ವರಿ. ಹನ್ನೆರಡು ಮುಗದಾವ.
ಸಣ್ಣ ದುಂಡ, ಖಾಲಿ ಬಿಟ್ರು.
"ರಕ್ತ ತಪಾಸ ಮಾಡೂಣು. ಅರ್ಧಾ ಅರ್ಧಾ," ಅಂದ್ರು,
ನಾಣ್ಯಾ ಚಿಮ್ಮಿದಂಗ.

ಪಾಲಿಪೋಸಿಸ್.
ಅವ್ವಗ ಬರೇ ಪಾಲು ಅಂತ ಕೇಳಿತು.
"ಮಗ್ಗ ಮಾನಪ್ಪಗ ಹೋತು, ಹೊಲ ಮಾನಪ್ಪಗ ಹೋತು,
ನಿಮ್ಮಪ್ಪಂದು ನಿನ್ನ ಪಾಲಿಗೆ ಇದ ಬಂತೇನ?"

ಅಪ್ಪ ಹೋದಾಗ ಅವಗ ನಲವತ್ತೊಂದು.
ಖಾರ ಬಾಳ ತಿಂತಿದ್ದ, ಅಂತಿತ್ತು ಓಣಿ.
ರಂಜಕ ಕುಟ್ಟಿದಾಕಿ ಅವ್ವ.
ದಿನ ಮಾಡಿದ ಮರುದಿನ ಒಳ್ಳಿಗೆ ಗೋಣಿ ಹೊಚ್ಚಿದಳು.
ಮೂವತ್ತು ವರ್ಷ ನಮ್ಮನ್ಯಾಗ ಸಪ್ಪನ್ನ ಜುಣಕ, ಸಪ್ಪನ್ನ ಪಲ್ಯ.
ಇವತ್ತ ಸೆರಗ ಹಿಡಕೊಂಡು ಡಾಕ್ಟರ್‌ಗೆ ಕೇಳಿದಳು:
"ಖಾರದ್ದಲ್ಲ ಅಂತೀರೇನ್ರಿ?"
"ಅಲ್ಲವಾ. ಹುಟ್ಟತಲೇ ಬಂದದ್ದು."
"ಒಂದೀಟೂ ಅಲ್ಲ?"
"ಒಂದೀಟೂ ಅಲ್ಲ."

ಬಸ್ಸಿನ್ಯಾಗ ಹುನಗುಂದ ದಾಟೂತನಕ ಆಕಿ ಮಾತಾಡಲಿಲ್ಲ.

ದೊಡ್ಡ ಕರಳು ಪೂರಾ ತಗದು
ಸಣ್ಣದರ ತುದಿ ತೆಳಗ ಕೂಡಿಸತಾರಂತ,
ಮೈಯ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿದಂಗ.
ಇಪ್ಪತ್ತು ವರ್ಷದಿಂದ ನಾ ಮಾಡೂ ಕೆಲಸ ಅದ.
ಬಿಗಿ ಆದ್ರ ಹರೀತೈತಿ, ಸಡ್ಲ ಆದ್ರ ಜಾರತೈತಿ.
ಅವರ ಬೆರಳು ನೋಡಿ ಬಂದೀನಿ.
ತೆಳ್ಳಗ ಅದಾವ.

ಮಾನಪ್ಪಗ ಫೋನ್ ಹಚ್ಚಿದೆ. ಅವಗೂ ಎರಡು ಮಕ್ಕಳು.
"ನಂಗೇನಾಗಿಲ್ಲ," ಅಂದ. ಇಟ್ಟ.

ರಾತ್ರಿ ಹಿತ್ತಲದಾಗ ಸಪ್ಪಳ.
ಗೋಣಿ ತಗದಾಳ.
ಕೆಂಪ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು
ಕುಟ್ಟಾಕತ್ತಾಳ, ಮೂಗು ಸೇದಕೋತ.
ಖಾರಕ್ಕೇನು ಅಂತ ನಾ ಕೇಳಲಿಲ್ಲ.
ದಾನಿ ಬಿಸಿ ರೊಟ್ಟಿ ಹಿಡಕೊಂಡು ಬಾಜೂಕ ಕುಂತಳು:
"ಆಯೀ, ನನಗೂ."

ಒನಕಿ ನಿಂತಿತು.

ಆಮ್ಯಾಲ ಹಾಕಿದಳು,
ಉಗುರಿನಷ್ಟು.