ಎಡಕ್ಕೆ ದಾದಾಪೀರ

ನನ್ನ ಎಡಗಿವಿ ಎರಡನೇ ಕ್ಲಾಸಿನಲ್ಲೇ ಹೋಯಿತು.
ಮಂಗನಬಾವು ಬಂದು ಹದಿನೈದು ದಿನ
ಶಾಲೆ ತಪ್ಪಿದ ಖುಷಿಯಲ್ಲಿ ನನಗದು ತಿಳಿಯಲೇ ಇಲ್ಲ.
ತಿಳಿದದ್ದು ಅವ್ವನಿಗೆ: ಎಡಕ್ಕೆ ನಿಂತು ಬೈದರೆ
ಹುಡುಗ ನಗುತ್ತಾನೆ.

ಈಗ ಮಂಡಕ್ಕಿ ಭಟ್ಟಿಯ ಓಣಿಯಲ್ಲಿ, ಮಹಡಿಯ ಮೇಲೆ,
ಮೊಟ್ಟೆಯ ಟ್ರೇ ಬಡಿದ ನಾಲ್ಕು ಗೋಡೆಗಳ ನಡುವೆ
ಹಾಡು ಬೆರೆಸುವುದು ನನ್ನ ಕಸುಬು.
ಕೆಳಗೆ ಕಾದ ಮರಳಿನಲ್ಲಿ ಅಕ್ಕಿ ಸಿಡಿಯುತ್ತದೆ, ಬಲದಿಂದ.
ರೈಲೂ ಬಲದಿಂದ, ಆಟೋವೂ ಬಲದಿಂದ.
ಗಡಿಯಾರದ ಕಂಬದ ಹತ್ತಿರ ಯಾರಾದರೂ ಹೆಸರು ಕೂಗಿದರೆ
ಗಾಣದೆತ್ತಿನಂತೆ ಒಂದು ಸುತ್ತು ತಿರುಗಿ ಹುಡುಕುತ್ತೇನೆ.

ಸ್ಪೀಕರು ಎರಡಿದ್ದವು. ಒಂದನ್ನು ಮಾರಿದೆ.
ಆ ದುಡ್ಡಿಗೊಂದು ಫ್ಯಾನು ಬಂತು;
ರೆಕಾರ್ಡಿಂಗ್ ಹೊತ್ತಿಗೆ ಅದನ್ನೂ ಆರಿಸಬೇಕು.
ಉಳಿದದ್ದನ್ನು ಮೂಗಿನ ನೇರಕ್ಕಿಟ್ಟು
ಮೋನೋ ಗುಂಡಿ ಒತ್ತುತ್ತೇನೆ.
ಜಮಖಾನದ ಎರಡು ತುದಿ ಹಿಡಿದು ಮಡಚಿದ ಹಾಗೆ
ಎಡ ಬಂದು ಬಲದ ಮೇಲೆ ಬೀಳುತ್ತದೆ.
ಇನ್ನು ಎಲ್ಲರೂ ಒಂದೇ ಬಾಗಿಲಲ್ಲಿ ಒಳಗೆ ಬರಬೇಕು:
ಹಾರ್ಮೋನಿಯಂ ತಬಲಾದ ಕಾಲು ತುಳಿಯಬಾರದು,
ಹಿಮ್ಮೇಳ ಹಾಡುಗಾರನ ಹೆಗಲ ಮೇಲಿಂದ
ಇಣುಕಬೇಕು, ಅಷ್ಟೇ.
ಅಕ್ಕಪಕ್ಕ ಕೂರಿಸಲು ನನ್ನಲ್ಲಿ ಜಾಗವಿಲ್ಲ,
ಇರುವುದು ಹಿಂದೆ, ಮುಂದೆ.
ಜನ ಕೇಳುವುದೂ ಹಾಗೇ ಅಲ್ಲವೇ?
ಟ್ರ್ಯಾಕ್ಟರಿನ ಒಂಟಿ ಬಾಕ್ಸು,
ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿದ ಫೋನು.

ಬುಡೇನ್‌ಸಾಬ್ ಬಂದದ್ದು ಆಷಾಢದಲ್ಲಿ,
ಮದುವೆಗಳಿಲ್ಲದ ತಿಂಗಳು.
ಬ್ಯಾಂಡ್‌ಸೆಟ್ಟಿನಲ್ಲಿ ನಲವತ್ತು ವರ್ಷ ಕ್ಲಾರಿಯೋನೆಟ್ ಊದಿದವರು,
ಮುಂದಿನ ಹಲ್ಲು ಬೀಳುವ ಮೊದಲು ಒಂದು ರೆಕಾರ್ಡ್ ಬೇಕಂತೆ.
ಊದಿ ಮುಗಿಸಿ, ಬೆವರು ಒರೆಸಿಕೊಂಡು
ಜೇಬಿನಿಂದ ಒಂದು ಕ್ಯಾಸೆಟ್ ತೆಗೆದರು.
ಹರಿಹರದ ಯಾವುದೋ ಮದುವೆ, ಊಟದ ಹೊತ್ತು;
ಪಂಕ್ತಿ ಏಳುವ ತನಕ ತಮ್ಮ ದಾದಾಪೀರ ಒಬ್ಬನೇ
ಯೂಫೋನಿಯಂ ಊದಿದ್ದು.
ದಾದಾಪೀರ ಹೋಗಿ ಆರು ವರ್ಷ.
"ಇವನ್ನ ನನ್ನ ಎಡಕ್ಕೆ ಹಾಕ್ರಿ," ಅಂದರು.
"ಮೆರವಣಿಗ್ಯಾಗ ಯಾವಾಗ್ಲೂ ಎಡಕ್ಕೇ ನಡೀತಿದ್ದ."

ನನಗೆ ಎಡವೆಂಬುದು
ಬೇರೆಯವರು ಹೋಗಿ ಬಂದು ಹೇಳಿದ ಊರು.
ಆದರೂ ಹೂಂ ಅಂದೆ.

ರಾತ್ರಿ ಹೆಡ್‌ಫೋನು ತಿರುವುಮುರುವು ಹಾಕಿಕೊಂಡೆ,
ಎಡದ ಬಟ್ಟಲು ಬಲಗಿವಿಗೆ.
ಸಿಕ್ಕ ದಾದಾಪೀರ. ದಪ್ಪನೆಯ ಉಸಿರು,
ಚರಣದ ನಡುವೆ ಒಮ್ಮೆ ಕೆಮ್ಮು,
ಅತ್ತ ದೂರದಲ್ಲಿ ಯಾರೋ "ಸಾರು, ಸಾರು" ಎನ್ನುತ್ತ ಬಡಿಸುವುದು.
ಅಭ್ಯಾಸಬಲ, ಮೋನೋ ಒತ್ತಿದೆ.
ದಾದಾಪೀರ ಇಲ್ಲ.
ಕೆಮ್ಮೂ ಇಲ್ಲ.
ಸಾರಿನವನು ಮಾತ್ರ ಇದ್ದಾನೆ.

ಎರಡೂ ಕಿವಿ ನೆಟ್ಟಗಿರುವ ನಮ್ಮ ತಿಪ್ಪೇಶಿ
ಹೆಡ್‌ಫೋನು ಇಸಕೊಂಡು, ಮೋನೋ ಬಿಡಿಸಿ ಕೇಳಿ
"ಅದಾನಲ್ಲಣ್ಣ, ಚೆನ್ನಾಗೇ ಅದಾನೆ," ಅಂದ.
ಇದ್ದಾನೆ, ಹೌದು. ಆದರೆ ಯಾವ ಕಾಲದಲ್ಲೋ ಯಾರೋ
ಒಂದು ತಂತಿಯನ್ನು ಉಲ್ಟಾ ಬೆಸೆದಿದ್ದಾರೆ.
ಒಂದು ಕಡೆ ಅವನು ಗಾಳಿಯನ್ನು ತಳ್ಳುವಾಗ
ಇನ್ನೊಂದು ಕಡೆ ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತಾನೆ.
ಕೂಡಿಸಿದರೆ ಸೊನ್ನೆ.

ಒಂದು ಗೆರೆಯನ್ನು ತಲೆಕೆಳಗು ಮಾಡಿದೆ.
ಬಂದ. ನಟ್ಟ ನಡುವೆಯೇ ಬಂದ.
ಎಡಕ್ಕೆ ತಳ್ಳಲು ಕೈ ಹೋಯಿತು,
ತಳ್ಳಲಾಗಲಿಲ್ಲ.
ಕ್ಲಾರಿಯೋನೆಟ್ಟಿಗಿಂತ ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಿ
ಕೆಮ್ಮನ್ನು ಅಳಿಸದೆ ಮಲಗಿದೆ,
ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ.

ಬೆಳಿಗ್ಗೆ ಬುಡೇನ್‌ಸಾಬ್
ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂತು
ಸೀಳು ಬಿಟ್ಟ ಫೋನಿನಲ್ಲಿ ಕೇಳಿದರು.
ಅದಕ್ಕಿರುವುದು ಒಂದೇ ಬಾಯಿ.
ಎಡಕ್ಕೆ ಹಾಕಲಿಲ್ಲವೆಂದು ಹೇಳಿಬಿಡಬೇಕೆಂದು
ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.
ಯೂಫೋನಿಯಂ ಬಂತು. ಅವರು ಏನೂ ಅನ್ನಲಿಲ್ಲ.
ಕೆಮ್ಮು ಬಂದಾಗ
ಬೆಂಚಿನ ಮೇಲೆ ಒಂದಿಷ್ಟು ಬಲಕ್ಕೆ ಸರಿದು ಕೂತರು.

ಆಮೇಲೆ ತಿರುಗಿ ಏನೋ ಹೇಳಿದರು.
ನನ್ನ ಎಡಕ್ಕಿದ್ದರು.