ಹತ್ತವಲ್ದು

ಮೇಡಮ್ಮರು ಒಂದು ಹಾಳಿ ಕೊಟ್ರು.
ನಿದ್ರೆ, ಹಸಿವು, ಏಕಾಗ್ರತೆ, ಆಸಕ್ತಿ,
ಒಂದರಿಂದ ಹತ್ತರೊಳಗ ಅಂಕಿಗಿ ಸುತ್ತು ಹಾಕಬೇಕಂತ.
ಪೆನ್ನು ಹಿಡದು ಕುಂತೆ.
ಕಿಟಕಿ ಹೊರಗ ಗಂಗೋತ್ರಿಯ ಮಳಿಮರ
ಸಂಜಿ ಆತಂತ ಎಲಿ ಮುಚ್ಚಿಕೊಳ್ಳಿಕತ್ತಿತ್ತು.

"ಪರ್ವಾಗಿಲ್ಲ, ಬಾಯಲ್ಲೇ ಹೇಳಿ. ಏನನ್ಸತ್ತೆ?"
"ಮನಸು ಹತ್ತವಲ್ದ್ರಿ," ಅಂದೆ.
ಅವರು ಬರಕೊಂಡ್ರು: ಹತ್ತು.

ಸುರಪುರದಾಗ ಬಸ್ಸು ಹತ್ತೂಮುಂದ
ಅವ್ವ ನಲವತ್ತು ಖಡಕ್ ರೊಟ್ಟಿ ಕಟ್ಟಿದ್ದಳು.
ಮಂಡ್ಯಾ ದಾಟೂದ್ರಾಗ ಅರ್ಧ ಚೂರು.
ಉಳದವು ಇಲ್ಲೀ ಗಾಳಿಗಿ ಎರಡೇ ದಿನದಾಗ ಮೆತ್ತಗಾದ್ವು.
ಭೂವಿಜ್ಞಾನದ ಮೊದಲ್ನೇ ಕ್ಲಾಸಿನಾಗ
"ತಿಳಿಲಿಲ್ರಿ ಸರ್" ಅಂದಿದ್ದೆ, ಅಷ್ಟೇ.
ಹಿಂದಿನ ಬೆಂಚು ಆ 'ರಿ' ಹಿಡದು
ರಬ್ಬರಿನಂಗ ಎಳದು ಎಳದು ಬಿಟ್ಟಿತು.
ಅವತ್ತಿನಿಂದ ನನ್ನ ಹತ್ರ ಎರಡೇ ಮಾತು:
ಹೂಂ. ಇಲ್ಲ.

ರಾತ್ರಿ ಬಚ್ಚಲದ ಕನ್ನಡಿ ಮುಂದ ನಿಂತು
'ಬಂದ್ಬುಡ್ತೀನಿ ಕಣೇ' ಅಂತ ಕಲ್ತೆ.
ಮದಿವಿ ಮನ್ಯಾಗ ಮಂದಿ ಚಪ್ಪಲಿ ಮೆಟ್ಟಿಕೊಂಡು
ಹೊರಗ ಬಂದಂಗಾತು.

ಫೋನಿನಾಗ ಅವ್ವ ಅಂತಾಳ:
ನಿಂಬೆಕ್ಕನ ಮಗಳು ಪುಣೆಕ್ಕ ಹೋಗ್ಯಾಳ, ಅಕಿಗಿ ಮರಾಠಿ.
ನಿಂದು ಕನ್ನಡಾನೇ ಅಲಾ, ನಿಂಗೇನ ತ್ರಾಸು?
ಏನಂತ ಹೇಳ್ಲಿ.
ಉಂಡೆ ಅಂತೀನಿ. ಉಂಡಿರಲಿಲ್ಲ.

ಹದಿನೇಳು ದಿನ ಕ್ಲಾಸಿಗಿ ಹೋಗಲಿಲ್ಲ.
ಫ್ಯಾನು ತಿರುಗ್ತಿತ್ತು, ನಾ ನೋಡ್ತಿದ್ದೆ.
ಹುಲ್ಲಹಳ್ಳಿ ಸೌಭಾಗ್ಯ, ರೂಮಿನಾಕಿ,
ಅನ್ನ ಸಾರಿನ ಮ್ಯಾಲ ತಟ್ಟಿ ಮುಚ್ಚಿ ಇಟ್ಟು
ಏನೂ ಕೇಳದಂಗ ಹೋಗ್ತಿದ್ದಳು.
ಇವತ್ತು ಸುಳ್ಳು ಹೇಳಿದಳು:
"ನಂಗ್ ತಲ್ನೋವು ಕಣೇ, ಆಸ್ಪತ್ರೆಗೆ ಜೊತೇಲ್ ಬಾ."
ಈಗ ಹೊರಗ ಬೆಂಚಿನ ಮ್ಯಾಲ
ಇಲ್ಲದ ತಲಿನೋವು ಹಿಡಕೊಂಡು ಕುಂತಾಳ.

ಮೇಡಮ್ಮರು ಪೆನ್ನು ನಿಲ್ಲಿಸಿದರು.
"ಹತ್ತು... ನಂಬರ್ರಾ?"
"ಅಲ್ಲರಿ. ಹಸಿ ಕಟ್ಟಿಗಿ ಹತ್ತವಲ್ದು ಅಂತೀವಲ್ರಿ,
ನೀರು ಹೆಚ್ಚಾದ ಅಂಟು ಹತ್ತವಲ್ದು ಅಂತೀವಲ್ರಿ,
ಹಂಗ."

ಅಂಕಿ ಹೊಡದು ಹಾಕಿದರು.
"ಹೇಗೆ ಬರೀತಾರೆ ಇದನ್ನ?"
"ಬರಿಯೋ ಮಾತಲ್ರಿ. ಅನ್ನೋ ಮಾತು."
ಆದರೂ ಬರದರು. ವ. ಲ್ದು.
ಒತ್ತು ಹಾಕೂಮುಂದ ನನ್ನ ಮಾರಿ ನೋಡಿದರು,
ನಾ ಹೂಂ ಅನ್ನೂತನ ಕಾದರು.

ಅಳು ಬರತದೇನೋ ಅಂದ್ಕೊಂಡಿದ್ದೆ.
ಬಂದದ್ದು ಹಸಿವು.

ಬ್ಯಾಗಿನಾಗ ಮುಂದಿನ ಮಂಗಳಾರದ ಚೀಟಿ,
ಡಾಕ್ಟರಿಗಿ ತೋರಸಬೇಕಂತ ಇನ್ನೊಂದು.
"ಹತ್ತೇ, ಬಸ್ ಬಂತು!" ಸೌಭಾಗ್ಯ ರಟ್ಟಿ ಹಿಡದು ಎಳದಳು.
ಕಂಡಕ್ಟರ್ ನಮ್ಮಿಬ್ಬರಿಗೂ ಸೊನ್ನಿ ಟಿಕೀಟು ಹರದು ಕೊಟ್ಟ.
ನಾ ಹತ್ತೀನಿ.
ಮನಸು ಇನ್ನಾ ಸ್ಟಾಪಿನಾಗ ನಿಂತದ,
ಬೋರ್ಡು ಓದ್ಲಿಕತ್ತದ.